ಮಾಮೂಗೇ ಸಿಗದ ಮಾಮು ಪಾತ್ರ

ಸಿನಿಮಾ ಮಾಡುತ್ತೇನೆಂದು ಹೊರಟವರಿಗೆ ಕಷ್ಟ ಬರುವುದು ಸಹಜ. ನನಗೆ ಮಾತ್ರ ಯಾಕೋ ಕಷ್ಟಗಳೆಲ್ಲ ನಗೆಪಾಟಲಾಗಿಯೇ ಬರುತ್ತವೆ. ಅಳಬೇಕೆಂದು ಕೂತರೂ ಬಿಡುವುದಿಲ್ಲ.

ನಮ್ಮದು ಶಿಡ್ಲಘಟ್ಟ. ತಾಯಿಯ ಅಣ್ಣ, ಅಂದರೆ ನಮ್ಮ ಮಾಮು, ಐವತ್ತು ವರ್ಷದಿಂದ ರೇಷ್ಮೆ ನೂಲು ತೆಗೆಯುತ್ತಿದ್ದಾರೆ. ಅವರ ಒಂದು ದಿನವೇ ನನ್ನ ಸಿನಿಮಾ. ಮಾಮು ಹಾಕಿದ ಷರತ್ತು ಒಂದೇ: "ನಾನು ಇರೋವಾಗ್ಲೇ ನಮ್ಮೂರಲ್ಲಿ ತೋರಿಸ್ಬೇಕಮ್ಮಾ."

ಗಡ್ಡದ ಮೇಲೆ ಗಡ್ಡ

ಬೆಂಗಳೂರಿನ ನಿರ್ಮಾಪಕರೊಬ್ಬರು ಕಥೆ ಮೆಚ್ಚಿಕೊಂಡರು. "ಮಾಮು ಪಾತ್ರ ಯಾರು ಮಾಡ್ತಾರೆ?"

"ಮಾಮೂನೇ ಸಾರ್."

ಮಾಮು ಲುಂಗಿ, ಹೆಗಲ ಮೇಲೆ ಟವೆಲ್, ಚಿಕ್ಕ ಗಡ್ಡದಲ್ಲಿ ಎದುರಿಗೇ ನಿಂತಿದ್ದರು. ನಿರ್ಮಾಪಕರು ಮೇಲಿಂದ ಕೆಳಗೆ ನೋಡಿದರು. "ಮುಸ್ಲಿಂ ಥರ ಕಾಣಲ್ವಲ್ಲ!"

ಮೇಕಪ್ಪಿನವನು ಬಂದು ಇದ್ದ ಗಡ್ಡದ ಮೇಲೆ ಇನ್ನೊಂದು ಗಡ್ಡ ಅಂಟಿಸಿದ. ಕಣ್ಣಿಗೆ ಸುರ್ಮಾ, ಕೊರಳಿಗೆ ತಾಯಿತ. ಮಾಮು ಕನ್ನಡಿ ನೋಡಿ ಎರಡು ಹೆಜ್ಜೆ ಹಿಂದೆ ಸರಿದರು.

"ಸೂಪರ್! ಈಗ ಕನ್ನಡ ತಪ್ಪು ತಪ್ಪಾಗಿ ಮಾತಾಡಿ," ಅಂದರು ನಿರ್ಮಾಪಕರು.

ಮಾಮು ವಿನಯದಿಂದಲೇ ಹೇಳಿದರು: "ಅದನ್ನ ನೀವೇ ಕಲಿಸ್ಕೊಡ್ಬೇಕು ಸಾರ್. ಗೂಡು ತರೋ ನಮ್ಮ ರೈತರ ಹತ್ರ ಸರಿಯಾಗಿ ಮಾತಾಡೇ ಅಭ್ಯಾಸ ಆಗ್ಬಿಟ್ಟಿದೆ."

ಮಾಮು ಪಾತ್ರಕ್ಕೆ ಮಾಮು ಆಯ್ಕೆಯಾಗಲಿಲ್ಲ.

ತಳದ ಗೂಡು

ನಿರ್ಮಾಪಕರನ್ನು ಬಿಟ್ಟು, ಸ್ನೇಹಿತರ ಕ್ಯಾಮೆರಾದಲ್ಲಿ ಮಾಮೂನೇ ಹಾಕಿಕೊಂಡು ಅರ್ಧ ಸಿನಿಮಾ ತೆಗೆದೆ. ಉಳಿದರ್ಧಕ್ಕೆ ದುಡ್ಡು ಕೇಳಲು ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಗೂಡು ಕೊಂಡು ನೂಲು ತೆಗೆಸುವ ದೊಡ್ಡ ರೀಲರ್ ಒಬ್ಬರ ಬಳಿ ಹೋದೆ. ಮೊಬೈಲಿನಲ್ಲಿ ಟ್ರೇಲರ್ ಹಾಕಿದರೆ ಕೈ ಅಡ್ಡ ಹಿಡಿದರು.

"ಇದು ಬೇಡ. ಬುಟ್ಟಿ ಮೇಲ್ಗಡೆ ಎಲ್ರೂ ಒಳ್ಳೇ ಗೂಡೇ ಇಟ್ಟಿರ್ತಾರೆ. ತಳದಿಂದ ತೋರ್ಸು."

ತೆಗೆದಿದ್ದ ಅರ್ಧ ಸಿನಿಮಾ ಹಾಕಿದೆ. ಅವರು ನಡುವೆ ಎಲ್ಲೋ ಬೆರಳಿಟ್ಟರು. ಮಾಮು ಬಿಸಿನೀರಿನಲ್ಲಿ ಕೈಯಾಡಿಸುತ್ತಾ ಎರಡು ನಿಮಿಷ ಸುಮ್ಮನೆ ನೂಲು ತೆಗೆಯುವ ದೃಶ್ಯ. ಮಾತಿಲ್ಲ, ಸಂಗೀತವಿಲ್ಲ. ಕೆಟ್ಟೆ ಅಂದುಕೊಂಡೆ.

ಅವರು ಕಣ್ಣು ಮಿಟುಕಿಸದೆ ನೋಡಿದರು. "ಒಂದು ಸಲಾನೂ ಎಳೆ ಕಡೀಲಿಲ್ಲ. ಒಳ್ಳೇ ಮಾಲು," ಎಂದು ದುಡ್ಡು ಕೊಡಲು ಒಪ್ಪಿದರು. ನಾನು ಮೆಟ್ಟಿಲಿಳಿಯುವಾಗ ಮತ್ತೆ ಕೂಗಿದರು: "ಕತ್ತರಿಸಿ ಬಿಸಾಕ್ತೀರಲ್ಲ, ಆ ವೇಸ್ಟೆಲ್ಲ ಇಟ್ಟಿರಮ್ಮಾ. ಅದಕ್ಕೂ ಗಿರಾಕಿ ಇರ್ತಾರೆ!"

ಭಾಷೆ ಯಾವುದು?

ಸಿನಿಮಾ ಮುಗಿಯಿತು. ನಮ್ಮೂರ ಟಾಕೀಸಿನವರು "ನೋಡೋಣ" ಎನ್ನುತ್ತಲೇ ವರ್ಷ ಕಳೆದರು. ಚಿಂತಾಮಣಿಗೆ ಹೋದೆ.

"ಇಲ್ಲಿ ತೆಲುಗು ಓಡುತ್ತಮ್ಮಾ. ಉರ್ದು ಯಾರು ನೋಡ್ತಾರೆ?" ಅಂದರು ಅಲ್ಲಿನ ಟಾಕೀಸಿನ ಮಾಲೀಕರು.

"ಕನ್ನಡ ಸಿನಿಮಾ ಸಾರ್."

ಅವರು ಪೋಸ್ಟರಿನಲ್ಲಿ ನನ್ನ ಹೆಸರು ಓದಿದರು, ನನ್ನ ಮುಖ ನೋಡಿದರು, ನಂಬಲಿಲ್ಲ. ಹತ್ತು ನಿಮಿಷ ಹಾಕಿ ತೋರಿಸಿದೆ. ಬೆರಗಾಗಿ ಹೋದರು.

"ಅಬ್ಬಾ! ಕನ್ನಡಕ್ಕೆ ಎಷ್ಟು ಚೆನ್ನಾಗಿ ಡಬ್ ಮಾಡ್ಸಿದೀರಮ್ಮಾ!"

ಅಲ್ಲಿಂದ ಗೌರಿಬಿದನೂರು. ಹುಡುಕಿಕೊಂಡು ಹೋದ ಟಾಕೀಸು ಕಲ್ಯಾಣ ಮಂಟಪವಾಗಿತ್ತು. ಮನೆಗೆ ಬಂದು ಮಾಮು ಮುಂದೆ ಗೊಳೋ ಎಂದು ಅತ್ತೆ. ಮಾಮು ಟೀ ಮುಗಿಸಿ ಅಂದರು, "ಟಾಕೀಸು ಮಂಟಪ ಆಗೋದಾದ್ರೆ, ಮಂಟಪ ಯಾಕಮ್ಮಾ ಟಾಕೀಸ್ ಆಗ್ಬಾರ್ದು?"

ಶಾದಿ ಮಹಲ್

ನಮ್ಮೂರ ಮದುವೆ ಮಂಟಪ ಶಾದಿ ಮಹಲನ್ನೇ ಗೊತ್ತುಮಾಡಿದೆವು. ಜನ ಬರಲೆಂದು ಮಾಮು ಬಿರಿಯಾನಿಗೂ ಹೇಳಿದರು. ಕಾರ್ಡಿನಲ್ಲಿ 'ಸಿನಿಮಾ ಪ್ರದರ್ಶನ' ಎಂದು ದಪ್ಪಕ್ಷರದಲ್ಲೇ ಅಚ್ಚಾಗಿತ್ತು. ಆದರೆ ನಮ್ಮೂರಿನಲ್ಲಿ ಕಾರ್ಡು ಓದುವವರು ಯಾರು? ಮಹಲಿನ ಹೆಸರು, ಊಟದ ಹೊತ್ತು ನೋಡುತ್ತಾರೆ, ಅಷ್ಟೇ. ಆ ದಿನ ಎಲ್ಲೆಲ್ಲೂ ಜರಿ ಸೀರೆ, ಅತ್ತರು, ಕೈಯಲ್ಲಿ ಉಡುಗೊರೆ ಡಬ್ಬ. "ಮದುವೆ ಗಂಡು ಎಲ್ಲಿ?" ಎಂದು ಕೇಳುತ್ತಲೇ ಎಲ್ಲರೂ ಮೊದಲ ಪಂಕ್ತಿ ಹಿಡಿಯಲು ನೇರ ಊಟದ ಹಾಲಿಗೆ ನುಗ್ಗಿದರು. ಪರದೆಯ ಮುಂದೆ ನಾನೊಬ್ಬಳೇ.

ಮಾಮು ಎಲ್ಲರನ್ನೂ ಹೊರಗೆ ಕಳಿಸಿ ಊಟದ ಹಾಲಿಗೆ ಬೀಗ ಜಡಿದರು. "ಮೊದ್ಲು ಸಿನಿಮಾ. ಆಮೇಲೆ ಬಿರಿಯಾನಿ."

ಗೊಣಗುತ್ತಾ ಕೂತರು. ಹತ್ತು ನಿಮಿಷಕ್ಕೆ ಗೊಣಗಾಟ ನಿಂತಿತು. ನೂಲು ತೆಗೆಯುವ ದೃಶ್ಯ ಬಂದಾಗ ಹಿಂದಿನಿಂದ ಯಾರೋ, "ಅರೆ, ಇದು ನಮ್ಮನೆ ಥರಾನೇ ಇದೆ!" ಅಂದರು. ಕೊನೆಗೆ ಬಿದ್ದ ಚಪ್ಪಾಳೆಗೆ ನನಗೆ ಕಣ್ಣು ತುಂಬಿ ಬಂತು.

ಮಾಮು ಕರೆದಿದ್ದರಿಂದ ಚಿಂತಾಮಣಿಯ ಮಾಲೀಕರೂ ಬಂದಿದ್ದರು. ತುಂಬಿದ ಹಾಲ್ ನೋಡಿ ನನ್ನ ಬಳಿ ಓಡಿ ಬಂದರು.

"ಶುಕ್ರವಾರದಿಂದ ದಿನಾ ನಾಲ್ಕು ಆಟ ಕೊಡ್ತೀನಮ್ಮಾ! ಒಂದೇ ಷರತ್ತು."

"ತೆಲುಗಲ್ಲಿ ಬೇಕಾ ಸಾರ್?"

"ಅಯ್ಯೋ, ಅದೆಲ್ಲ ಬೇಡ. ಬೀಗ ಹಾಕೋಕೆ ಇವರನ್ನ ಕಳಿಸ್ಬೇಕು."

ಮಾಮು ಬೀಗದ ಕೈ ಜೇಬಿಗಿಳಿಸಿ, ಗಡ್ಡ ನೀವಿಕೊಂಡರು.

"ಬರ್ತೀನಿ ಸಾರ್. ಆದ್ರೆ ಇರೋ ಗಡ್ಡದಲ್ಲೇ ಬರ್ತೀನಿ."