ಅಣ್ಣನ ನಗುವನ್ನು ಒರೆಸಿ ಕೊಟ್ಟವರಿಗೆ

ಧ್ವನಿ ಶುದ್ಧೀಕರಣ ವಿಭಾಗದ ಮಾನ್ಯ ಮುಖ್ಯಸ್ಥರೇ,

ತಮ್ಮ ಅಮೂಲ್ಯ ಕಿವಿಗಳೆರಡಕ್ಕೂ ನನ್ನ ನಮಸ್ಕಾರಗಳು. ಐವತ್ತು ವರ್ಷದ ಹಿಂದೆ, ರೇಡಿಯೊ ರಿಪೇರಿ ಮಾಡುತ್ತಿದ್ದ ನನ್ನ ಅಣ್ಣ ಅಂಗಡಿಯ ಹಿಂದಿನ ಕೋಣೆಯಲ್ಲಿ ತಾನೇ ಕಟ್ಟಿದ ಸಿಂಥಸೈಜರ್ ಎಂಬ ಎಲೆಕ್ಟ್ರಾನಿಕ್ ವಾದ್ಯ ನುಡಿಸಿ ಹೊರತಂದ ಒಂದೇ ಒಂದು ಗ್ರಾಮಫೋನ್ ತಟ್ಟೆಯನ್ನು ತಾವು ‘ಆ ಕಾಲದ ಹಂಬಲ’ ಎಂಬ ಮಾಲೆಯಲ್ಲಿ ಮತ್ತೆ ಹೊರತಂದಿದ್ದೀರಿ. ಅದಕ್ಕಾಗಿ ನನ್ನಲ್ಲಿ ಉಳಿದಿದ್ದ ಏಕೈಕ ಪ್ರತಿಯನ್ನು ಎರವಲು ಒಯ್ದಿದ್ದೀರಿ. ಹೊಸ ತಟ್ಟೆ ತಲುಪಿತು, ಕೇಳಿದೆ. ಏನು ಹೇಳಲಿ ಸ್ವಾಮಿ, ಮೈಯೆಲ್ಲ ಉರಿದುಹೋಯಿತು.

ನಿಜವಾದ ಗೀರುಗಳ ಸದ್ದನ್ನು ಒಂದೂ ಬಿಡದೆ ಕಿತ್ತುಹಾಕಿ, ಆಮೇಲೆ ಹಳೆಯದೆನಿಸಲಿ ಎಂದು ಕಂಪ್ಯೂಟರಿನಿಂದ ಚಟಪಟ ಸದ್ದನ್ನು ಸುರಿದಿರುವ ತಮ್ಮ ಜಾಣತನಕ್ಕೆ ದಂಗಾಗಿದ್ದೇನೆ. ಸ್ವಂತ ಹಲ್ಲು ಕೀಳಿಸಿ, ಹಳದಿ ಬಳಿದ ಹಲ್ಲುಸೆಟ್ಟು ಹಾಕಿಸಿಕೊಂಡ ಹಾಗಾಯಿತು. ಅಣ್ಣನ ಆ ಸಿಂಥಸೈಜರ್ ಒಂದು ಗಂಟೆ ಬಿಸಿಯಾದ ಮೇಲೆಯೇ ಸ್ವರಕ್ಕೆ ಬರುತ್ತಿತ್ತು. ಕಿಟಕಿ ತೆರೆದರೆ ಸಾಕು, ಶ್ರುತಿ ಜಾರುತ್ತಿತ್ತು. ಅದಕ್ಕೇ ನಾನು ಪಕ್ಕದಲ್ಲಿ ಕೂತು, ಅಣ್ಣ ಹುಬ್ಬು ಹಾರಿಸಿದಾಗಲೆಲ್ಲ ಒಂದು ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದೆ. ತಾವು ಆ ಜಾರಾಟವನ್ನೆಲ್ಲ ನೆಟ್ಟಗೆ ಮಾಡಿ, ನನ್ನ ವಾರಗಟ್ಟಲೆಯ ಕೈನೋವನ್ನೂ ಅಣ್ಣನ ಹುಬ್ಬನ್ನೂ ಏಕಕಾಲಕ್ಕೆ ಗುಣಪಡಿಸಿದ್ದೀರಿ.

ಎರಡನೆಯ ಬದಿಯ ಕೊನೆಯಲ್ಲಿ ಶ್ರುತಿ ತೀರಾ ಕುಸಿದಾಗ ಅಣ್ಣ ‘ಇಳೀತಾ ಇದೆ ಕಣೇ, ಎತ್ತು’ ಎಂದು ನಕ್ಕದ್ದು ಧ್ವನಿಮುದ್ರಣದಲ್ಲಿ ಸೇರಿಹೋಗಿತ್ತು. ಅವನು ತೀರಿಕೊಂಡು ಹನ್ನೊಂದು ವರ್ಷವಾಯಿತು. ಅವನ ದನಿ ಉಳಿದಿದ್ದದ್ದು ಅದೊಂದೇ ಕಡೆ. ತಮ್ಮ ಕರಪತ್ರದಲ್ಲಿ ‘ಅನಗತ್ಯ ಮಾನವ ಸದ್ದನ್ನು ನಿವಾರಿಸಲಾಗಿದೆ’ ಎಂದು ಹೆಮ್ಮೆಯಿಂದ ಅಚ್ಚಾಗಿದೆ. ಹೀಗೆ ನಿವಾರಿಸಿದ್ದನ್ನು ತಾವು ಯಾವ ತೊಟ್ಟಿಗೆ ಸುರಿಯುತ್ತೀರೋ ಕಾಣೆ. ದಯಮಾಡಿ ಅದನ್ನು ಸೋಸಿ, ಆರು ಸೆಕೆಂಡಿನ ನನ್ನ ಅಣ್ಣನನ್ನು ಹುಡುಕಿ, ಲಕೋಟೆಯಲ್ಲಿಟ್ಟು ಕಳಿಸಬೇಕಾಗಿ ವಿನಂತಿ. ಅಷ್ಟು ಬಿಡುವಿಲ್ಲವಾದರೆ ನನ್ನ ಹಳೆಯ ತಟ್ಟೆಯನ್ನಾದರೂ ಹಿಂದಿರುಗಿಸಿ. ಮೂರು ಸಲ ಕೇಳಿದ್ದಕ್ಕೆ ಮೂರು ಸಲವೂ ‘ಅದು ಸುರಕ್ಷಿತವಾಗಿದೆ’ ಎಂದು ತಮ್ಮ ಗುಮಾಸ್ತರು ಬರೆದಿದ್ದಾರೆ.

ತಮ್ಮ ವಿಶ್ವಾಸಿ,
ಗುಂಡಿ ತಿರುಗಿಸುತ್ತಿದ್ದ ತಂಗಿ

ತಾ.ಕ.: ಬಿಡುಗಡೆ ಸಮಾರಂಭದ ಫೋಟೋ ಈಗಷ್ಟೇ ನೋಡಿದೆ. ತಮ್ಮ ಕುರ್ಚಿಯ ಹಿಂದಿನ ಗೋಡೆಯಲ್ಲಿ ನನ್ನ ತಟ್ಟೆ, ನಡುವಿನ ತೂತಿಗೆ ಎರಡು ಮುಳ್ಳು ಸಿಕ್ಕಿಸಿಕೊಂಡು, ಗಡಿಯಾರವಾಗಿ ನೇತಾಡುತ್ತಿದೆ. ಲೇಬಲ್ಲಿನ ಮೇಲೆ ಅಣ್ಣ ಹಸಿರು ಶಾಯಿಯಲ್ಲಿ ‘ತಂಗಿಗೆ’ ಎಂದು ಬರೆದದ್ದು ಸಣ್ಣ ಮುಳ್ಳಿನ ಅಡಿಯಲ್ಲೇ ಕಾಣುತ್ತಿದೆ. ಸೋಮವಾರ ಬೆಳಿಗ್ಗೆ ನಾನೇ ಬಂದು ಇಳಿಸಿಕೊಳ್ಳುತ್ತೇನೆ. ಮುಳ್ಳು, ಮೊಳೆ ಎರಡೂ ತಮಗೇ ಇರಲಿ.