ಅತ್ತೆ ಮೂಸಿದ ಹೊಲಿಗೆ

ಆಸ್ಪತ್ರೆಗೆ ಹೋದವರು ಹಣ್ಣು ಕೊಟ್ಟು ಕ್ಷೇಮ ಕೇಳುತ್ತಾರಲ್ಲವೇ? ನನ್ನನ್ನು ಸಾಕಿದ ಸೋದರತ್ತೆ ಮಾತ್ರ ಬಗ್ಗಿ ಬ್ಯಾಂಡೇಜು ಮೂಸುತ್ತಾರೆ! ಸುಳ್ಳೆನಿಸಿದರೆ ನಮ್ಮೂರು ಸತ್ತೇಗಾಲದಲ್ಲಿ ಯಾರನ್ನಾದರೂ ಕೇಳಿ. ಹರ್ನಿಯಾ ಆಪರೇಷನ್ ಮಾಡಿಸಿಕೊಂಡಿದ್ದ ಪಕ್ಕದ ಮನೆಯವರು, ಅತ್ತೆ ಬಾಗಿಲಲ್ಲಿ ಕಂಡದ್ದೇ ತಡ, ಕಂಬಳಿಯನ್ನು ಕತ್ತಿನವರೆಗೆ ಎಳೆದುಕೊಂಡು, "ವಾಸಿಯಾಗೋಯ್ತು ಕಣಕ್ಕಾ, ಪೂರ್ತಿ ವಾಸಿಯಾಗೋಯ್ತು!" ಎಂದು ಕೂಗಿಕೊಂಡರಂತೆ. ಹೊಲಿಗೆ ಬಿದ್ದು ಒಂದು ದಿನವೂ ಆಗಿರಲಿಲ್ಲ!

ಕೊಳ್ಳೇಗಾಲಕ್ಕೆ ಮೊಬೈಲು ಆಗತಾನೇ ಬಂದಿತ್ತು. ನನ್ನ ಹೆರಿಗೆಗೆ ಸಿಸೇರಿಯನ್ ಆಗಲೇಬೇಕು ಎಂದರು ಅಲ್ಲಿನ ಆಸ್ಪತ್ರೆಯ ಡಾಕ್ಟರಮ್ಮ. ನನಗಿಂತ ಮೊದಲು ಬೆವೆತವರು ಅತ್ತೆ.

"ಒಲಿಗೆ ದಾರ ಬೇಯ್ಸಿದ್ದೀರಾ ಡಾಕ್ಟ್ರಮ್ಮಾ?"

"ಇದು ಹೊಸ ದಾರ ಅಮ್ಮ, ಮೈಸೂರಿನಿಂದ ತರಿಸಿದ್ದೀನಿ. ದಾರಕ್ಕೇ ಮದ್ದು ಲೇಪಿಸಿರ್ತಾರೆ. ಹೊಲಿಗೆಯಲ್ಲಿ ಕ್ರಿಮಿ ಬೆಳೆಯದ ಹಾಗೆ ತಡೆಯುತ್ತೆ."

"ಗಾಳಿಪಟದ ದಾರಕ್ಕೆ ಗಾಜಿನ್ ಪುಡಿ ಮೆತ್ತಂಗಾ?"

"ಹೂಂ, ಆದ್ರೆ ಕುಯ್ಯಲ್ಲ!"

"ಅಂಗಾರೆ ಕೀವೇ ಆಗಕಿಲ್ವಾ?"

"ಹಾಗಂತ ಮಾತು ಕೊಡಲಾರೆ. ಅಪಾಯ ಕಮ್ಮಿಯಾಗುತ್ತೆ, ಅಷ್ಟೆ. ಕೈ ತೊಳೆಯದೆ ಯಾರೂ ಮುಟ್ಟಬಾರದು."

ಅಷ್ಟು ಸಾಕಾಯಿತು! ಮಗಳು ಹುಟ್ಟಿದ ಗಳಿಗೆಯಿಂದ ಅತ್ತೆ ಸೋಪು ಹಿಡಿದು ವಾರ್ಡಿನ ಬಾಗಿಲು ಕಾದರು. ಮಗುವಿನ ಮುಖ ನೋಡಲು ನನ್ನ ಗಂಡ ನಾಲ್ಕು ಸಲ ಕೈ ತೊಳೆದರು. ಯಳಂದೂರಿನಿಂದ ಬಂದ ನಮ್ಮ ಮಾವನವರಿಗೆ ಸಿಕ್ಕ ಸ್ವಾಗತ, "ಬನ್ನಿ ಬೀಗರೇ, ಕೈ ತೋರ್ಸಿ!" ರೌಂಡ್ಸಿಗೆ ಬಂದ ಡಾಕ್ಟರಮ್ಮನಿಗೂ, "ನೀವೂವೆ ತೊಳ್ಕಳಿ." ಪಾಪ, ಅವರೂ ತೊಳೆದರು!

ಮೂರನೆಯ ದಿನ ನನಗೆ ಜ್ವರ ಬಂತು. ಮೈಯೆಲ್ಲ ನಡುಕ. ಅತ್ತೆ ಬಗ್ಗಿ ಬ್ಯಾಂಡೇಜು ಮೂಸಿದರು. ಮತ್ತೆ ಮೂಸಿದರು. ಮುಖ ಬಿಳಿಚಿಕೊಂಡಿತು.

"ಏನತ್ತೆ? ಕೀವಾ?"

"ಗೊತ್ತಾಯ್ತಿಲ್ಲ ಕಣವ್ವ... ನಂಗೆ ನೆಗಡಿ ಆಗ್ಬುಟ್ಟದೆ!"

ಜನ್ಮವೆಲ್ಲ ದುಡಿದ ಮೂಗು ಆ ದಿನವೇ ಕೈಕೊಡಬೇಕೇ? ಅತ್ತೆ ಗಾಬರಿಯಲ್ಲಿ ಪಕ್ಕದಲ್ಲಿದ್ದ ಮಾವನವರ ತೋಳು ಹಿಡಿದು, "ಬೀಗರೇ, ನೀವಾರ ವಸಿ ಮೂಸಿ ನೋಡಿ!" ಎಂದರು. ಸೊಸೆಯ ಹೊಟ್ಟೆ ಮೂಸುವುದೇ! ಅವರು ಮೆಟ್ಟೂ ಹಾಕಿಕೊಳ್ಳದೆ ಬಸ್ ಸ್ಟ್ಯಾಂಡಿನ ಕಡೆ ನಡೆದೇಬಿಟ್ಟರು.

ನನಗೆ ನಗು ಬರುವುದರಲ್ಲಿತ್ತು. ಅತ್ತೆ ಮಂಚದ ಅಂಚಿನಲ್ಲಿ ಕುಸಿದು ಕೂತರು.

"ನಿಮ್ಮವ್ವಂಗೂ ಒಟ್ಟೆ ಕುಯ್ದೇ ನಿನ್ನ ತಗ್ದದ್ದು. ಮೂರ್ನೇ ದಿನ್ವೇ ಜರ. ಒಲಿಗೆ ಒಳ್ಗೇ ಕೀವಾಗಿತ್ತು. ವಾಸ್ನೆ ನಂಗೆ ಗೊತ್ತಾಯ್ತು ಕಣವ್ವ. ದೊಡ್ಡೋರು, 'ಬಾಣಂತಿ ವಾಸ್ನೆ, ಸುಮ್ನಿರು' ಅಂದ್ರು. ಸುಮ್ನಾಗ್ಬುಟ್ಟೆ."

ಅಮ್ಮ ಜ್ವರದಿಂದ ಹೋದಳು ಎಂದಷ್ಟೇ ನನಗೆ ಗೊತ್ತಿತ್ತು. ಅತ್ತೆಯ ಸೆರಗು ಹಿಡಿದು ಮಲಗಿದೆ.

ಡಾಕ್ಟರಮ್ಮ ಬಂದು ಬ್ಯಾಂಡೇಜು ಬಿಚ್ಚಿದರು. ಗಾಯ ಒಣಗಿತ್ತು, ಕೆಂಪಿಲ್ಲ, ಬಾವಿಲ್ಲ. "ಎದೇಲಿ ಹಾಲು ಕಟ್ಟಿಕೊಂಡಿದೆ, ಅದಕ್ಕೇ ಜ್ವರ. ಮಗುಗೆ ಚೆನ್ನಾಗಿ ಕುಡಿಸಮ್ಮ," ಎಂದರು. ಮಾರನೆಯ ದಿನ ಜ್ವರ ಇಳಿಯಿತು.

ಮನೆಗೆ ಹೊರಡುವಾಗ ಅತ್ತೆ ಡಾಕ್ಟರಮ್ಮನ ಮೇಜಿನ ಮುಂದೆ ನಿಂತರು.

"ಆ ಮದ್ದಿನ್ ದಾರ ಯಾವಾಗ ಬಂದದ್ದು ಡಾಕ್ಟ್ರಮ್ಮಾ?"

"ಈಗೀಗ ಬಂತಮ್ಮ."

"ವಸಿ ಮುಂಚೇನೇ ಬರಬೋದಿತ್ತು. ಇವ್ಳವ್ವ, ನಮ್ಮತ್ತಿಗೆ, ಬಾಣಂತನದಲ್ಲೇ ಕಣ್ಮುಚ್ಚಿದಾಗ ಇಪ್ಪತ್ತೇ ವರ್ಸ."

ಹೊರಗೆ ರೋಗಿಗಳ ಸಾಲು ಬಾಗಿಲವರೆಗೆ ಬಂದಿತ್ತು. ಡಾಕ್ಟರಮ್ಮ ಎದ್ದು, ತಮ್ಮ ಕುರ್ಚಿಯಲ್ಲೇ ಅತ್ತೆಯನ್ನು ಕೂರಿಸಿ, "ಅವರ ಹೆರಿಗೆ ಹೇಗಾಯ್ತು, ಹೇಳಿ ಅಮ್ಮ," ಎಂದರು.