ಜೊತೆಗೆ ಯಾರು?

ಕೆಲವರು ಎಲ್ಲಿಗೆ ಹೋದರೂ ಅಲ್ಲಿ ಮಳೆ ಬರುತ್ತದಂತೆ. ನಾನು ಎಲ್ಲಿಗೆ ಹೋದರೂ ಅಲ್ಲಿಗೆ ಒಬ್ಬರು ಅಂಕಲ್ ಬರುತ್ತಾರೆ. ಕರೆದಿರುವುದಿಲ್ಲ, ಹೇಳಿರುವುದಿಲ್ಲ, ಆದರೂ ಬರುತ್ತಾರೆ. ಸಿಡ್ನಿಯಲ್ಲಿ ಓದಲು ಹೋದ ಒಂದು ವರ್ಷ ಪೂರ್ತಿ ಇದೇ ಆಯಿತು.

ಇದರ ಬೇರು ಹಾಸನದ ನಮ್ಮ ಮನೆಯಲ್ಲಿದೆ. ನಮ್ಮಲ್ಲಿ ಹುಡುಗಿಯರು ಚಪ್ಪಲಿ ಮೆಟ್ಟಿದ ಕೂಡಲೇ ಅಮ್ಮ ಒಂದು ಪ್ರಶ್ನೆ ಕೇಳುತ್ತಾಳೆ. ಎಲ್ಲಿಗೆ ಅಂತಲ್ಲ. ಹೊರಟವರನ್ನು ಎಲ್ಲಿಗೆ ಅಂತ ಕೇಳಬಾರದಲ್ಲ! ಅವಳು ಕೇಳುವುದು "ಜೊತೆಗೆ ಯಾರು?" ಅಂತ. ಪಿಯುಸಿ ಪರೀಕ್ಷೆಗೆ ಚಿಕ್ಕಪ್ಪ ಜೊತೆ, ಮೈಸೂರಿನ ಕಾಲೇಜಿಗೆ ಅಣ್ಣ ಜೊತೆ. ಹಲ್ಲು ಕೀಳಿಸಲು ಹೋದಾಗ ಪಕ್ಕದ ಮನೆ ಆಂಟಿ ಜೊತೆ. ಎಲ್ಲಿ ನೋಯುತ್ತಿದೆ ಅಂತ ಡಾಕ್ಟರಿಗೆ ಹೇಳಿದವರೂ ಅವರೇ, ಹಲ್ಲು ಮಾತ್ರ ನನ್ನದು.

ಸಿಡ್ನಿಗೆ ಹೊರಟ ದಿನ ಬೆಂಗಳೂರು ಏರ್‌ಪೋರ್ಟಿನ ಸಾಲಿನಲ್ಲಿ ಅಮ್ಮ ಒಬ್ಬ ಹಿರಿಯರನ್ನು ಹಿಡಿದಳು. "ನೀವು ಸಿಡ್ನಿಗಾ? ನಮ್ಮ ಹುಡುಗೀನ ಸ್ವಲ್ಪ ನೋಡ್ಕೊಳ್ಳಿ ಸಾರ್." ಅವರು ಧಾರಾಳವಾಗಿ ಒಪ್ಪಿಕೊಂಡರು. ಪಾಪ, ಅವರಿಗೂ ಅದು ಮೊದಲನೇ ವಿಮಾನ. ಮೇಲೇಳುವಾಗ ನನ್ನ ಕೈ ಹಿಡಿದವರು ಕೆಳಗಿಳಿದ ಮೇಲೇ ಬಿಟ್ಟಿದ್ದು.

ಅವತ್ತೇ ತೀರ್ಮಾನ ಮಾಡಿದೆ. ಕೋರ್ಸು ಮುಗಿಯುವುದರೊಳಗೆ ಒಂದೇ ಒಂದು ಊರನ್ನಾದರೂ ಒಬ್ಬಳೇ ನೋಡಬೇಕು. ವಾಪಸ್ ಬಂದ ಮೇಲೆ ಮತ್ತೆ ಚಿಕ್ಕಪ್ಪನೇ ಗತಿ. ಅಷ್ಟರೊಳಗೆ, ಇದು ನನ್ನ ಕೈಲಾಗುತ್ತದೆ ಅಂತ ಬೇರೆಯವರಿಗಲ್ಲ, ನನಗೇ ಗೊತ್ತಾಗಬೇಕಿತ್ತು.

ಐ ವಿಲ್ ಕಮ್

ವೆಸ್ಟ್‌ಮೀಡ್ ಸ್ಟೇಷನ್ ಹತ್ತಿರ ಒಬ್ಬ ರಿಟೈರ್ಡ್ ನರ್ಸ್ ಮನೆಯಲ್ಲಿ ನನಗೆ ರೂಮು ಸಿಕ್ಕಿತ್ತು. ಅಲ್ಲೇ ಹುಟ್ಟಿ ಬೆಳೆದ ಆಸ್ಟ್ರೇಲಿಯನ್ ಹೆಂಗಸು, ಒಳ್ಳೆಯವರು. ಬಂದ ಸ್ವಲ್ಪ ದಿನಕ್ಕೇ ಒಂದು ಶನಿವಾರ ಬೆಟ್ಟ ನೋಡಲು ಕಟೂಂಬಕ್ಕೆ ಹೊರಟೆ. ಬೆನ್ನಿಗೆ ಬ್ಯಾಗು, ಕೈಯಲ್ಲಿ ನೀರಿನ ಬಾಟಲಿ, ಮನಸ್ಸಿನಲ್ಲಿ ದೊಡ್ಡ ಯಾತ್ರಿಕಳ ಗತ್ತು.

ಬಾಗಿಲಲ್ಲಿ ಅವರು ಟೋಪಿ ಹಾಕಿಕೊಂಡು, ಕಾರಿನ ಕೀ ಹಿಡಿದು, ತಾವೂ ಎಲ್ಲಿಗೋ ಹೊರಟು ನಿಂತಿದ್ದರು. ನಾನು ಮನೆಯಲ್ಲಿ ಹೇಳುವ ಹಾಗೆ ಹೇಳಿದೆ, "ಓಕೆ, ಐ ವಿಲ್ ಕಮ್."

ಹೊರಡುವಾಗ "ಹೋಗ್ತೀನಿ" ಅನ್ನಲು ನನಗೆ ಇವತ್ತಿಗೂ ನಾಲಿಗೆ ಏಳುವುದಿಲ್ಲ. ಚಿಕ್ಕಂದಿನಲ್ಲಿ ಹಾಗಂದಾಗಲೆಲ್ಲ ಅಮ್ಮ "ಬಿಡ್ತು ಅನ್ನು, ಬರ್ತೀನಿ ಅಂತ ಹೇಳು" ಅಂತ ಗದರಿ ಗದರಿ ರೂಢಿ ಮಾಡಿಸಿದ್ದಳು.

ನರ್ಸಮ್ಮನ ಮುಖ ಅರಳಿತು. "ಓ, ಲವ್ಲಿ!" ಅಂದವರೇ ಕಾರಿನ ಬಾಗಿಲು ತೆಗೆದರು. ಎಂಥ ಒಳ್ಳೆಯ ಮನಸ್ಸು, ಸ್ಟೇಷನ್‌ಗೆ ಬಿಡುತ್ತಾರೆ ಅಂತ ನಾನು ಹತ್ತಿ ಕೂತೆ. ಕಾರು ಸ್ಟೇಷನ್ ದಾಟಿತು. ಇನ್ನೂ ಮುಂದಿನ ಸ್ಟೇಷನ್ ಇರಬೇಕು ಅಂದುಕೊಂಡೆ. ಅದನ್ನೂ ದಾಟಿ ಒಂದು ಗಿಡಗಳ ನರ್ಸರಿಯ ಮುಂದೆ ನಿಂತಿತು. ಅಲ್ಲಿಗೆ ಹೋದ ಮೇಲೆ ಏನು ಹೇಳುವುದು? ಬೆಟ್ಟ ಹತ್ತಲು ಹಾಕಿಕೊಂಡಿದ್ದ ಶೂನಲ್ಲಿ ಗೊಬ್ಬರದ ಚೀಲ ಹೊತ್ತೆ. ಒಂದಲ್ಲ, ಡಿಕ್ಕಿ ತುಂಬುವಷ್ಟು.

ಅವತ್ತಿನಿಂದ ಅವರು ಬಂದವರಿಗೆಲ್ಲ ನನ್ನನ್ನು ಪರಿಚಯ ಮಾಡಿಸುವಾಗ "ಈ ಹುಡುಗಿಗೆ ತೋಟಗಾರಿಕೆ ಅಂದರೆ ಪ್ರಾಣ" ಅನ್ನುತ್ತಿದ್ದರು. ನನ್ನ ಹುಟ್ಟುಹಬ್ಬಕ್ಕೆ ಒಂದು ಸಲಿಕೆ ಕೊಟ್ಟರು.

ಬಂಡೆಗಳಿಗಿರುವ ಬುದ್ಧಿ

ಮುಂದಿನ ವಾರ ನರ್ಸಮ್ಮನ ಕಣ್ಣು ತಪ್ಪಿಸಿ ನೆಟ್ಟಗೆ ಸ್ಟೇಷನ್‌ಗೆ ನಡೆದೆ. ರೈಲು ಹತ್ತಿದ ಮೇಲೆ ಖುಷಿ ತಡೆಯಲಾಗದೆ ಅಮ್ಮನಿಗೆ ಫೋನ್ ಮಾಡಿದೆ.

"ಜೊತೆಗೆ ಯಾರು?"

"ಯಾರೂ ಇಲ್ಲಮ್ಮ. ಇಲ್ಲೆಲ್ಲ ಒಬ್ಬೊಬ್ರೇ ಓಡಾಡ್ತಾರೆ."

"ಸರಿ ಸರಿ. ಹುಷಾರು," ಅಂತ ಅಮ್ಮ ಫೋನ್ ಇಟ್ಟಳು. ಇಷ್ಟು ಸುಲಭಕ್ಕೆ ಇಡುವವಳಲ್ಲ. ಆಗಲೇ ನನಗೆ ಹೊಳೆಯಬೇಕಿತ್ತು.

ಕಟೂಂಬದಲ್ಲಿ ಇಳಿದರೆ ಎದುರಿಗೇ ಒಬ್ಬರು ಅಂಕಲ್ ಫ್ಲಾಸ್ಕ್ ಹಿಡಿದು ನಿಂತಿದ್ದಾರೆ. ಪಕ್ಕದಲ್ಲಿ ಆಂಟಿ, ಆಂಟಿಯ ಕೈಯಲ್ಲಿ ಹಾಟ್‌ಬಾಕ್ಸು, ಹಿಂದೆ ಮುಖ ಊದಿಸಿಕೊಂಡ ಮಗ.

"ನೀನು ಹಾಸನದ ಹುಡುಗಿ ಅಲ್ವೇನಮ್ಮ? ನಿಮ್ಮ ತಾಯಿ ನಮ್ಮ ಅತ್ತಿಗೆಗೆ ಫೋನ್ ಮಾಡಿದ್ರಂತೆ. ನಾವು ಸ್ಕೋಫೀಲ್ಡ್ಸ್‌ನಲ್ಲಿರೋದು. ಕಾರಲ್ಲಿ ಎಷ್ಟೊತ್ತು, ಬಂದ್ಬಿಟ್ವಿ."

ಅತ್ತಿಗೆ ಅಂದರೆ ಅಮ್ಮನ ಆಫೀಸಿನಲ್ಲಿ ಕೆಲಸ ಮಾಡುವವರು. ರೈಲು ಬೆಟ್ಟ ಹತ್ತುವುದರೊಳಗೆ ಸುದ್ದಿ ಸಿಡ್ನಿಯಿಂದ ಹಾಸನಕ್ಕೆ ಹೋಗಿ ಮತ್ತೆ ಸಿಡ್ನಿಗೆ ಬಂದು, ಪುಳಿಯೋಗರೆಯೂ ಕಲಸಿ ಆಗಿತ್ತು. "ಅಕ್ಕಂಗೆ ನಮಸ್ಕಾರ ಹೇಳು ಪುಟ್ಟ," ಅಂದರು ಆಂಟಿ. ಪುಟ್ಟ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹಾಯ್. ಆರ್ ಯೂ ದಿ ಲಾಸ್ಟ್ ಒನ್?" ಅಂದ. ಕಳೆದುಹೋದ ಹುಡುಗಿಯನ್ನು ಹುಡುಕಲು ಹೋಗುತ್ತಿದ್ದೇವೆ ಅಂತ ಅವನನ್ನು ಹಾಸಿಗೆಯಿಂದ ಎಬ್ಬಿಸಿದ್ದರಂತೆ.

ಅಲ್ಲಿ ಕಣಿವೆಯ ಅಂಚಿಗೆ ತ್ರೀ ಸಿಸ್ಟರ್ಸ್ ಅಂತ ಮೂರು ಎತ್ತರದ ಬಂಡೆಗಳಿವೆ. ಅವುಗಳ ಮುಂದೆ ನಿಂತು ನಾನು ಕಣಿವೆ ನೋಡಿದೆ, ಅಂಕಲ್ ತಮ್ಮ ಮನೆಸಾಲದ ಮಾರ್ಟ್‌ಗೇಜ್ ಕಥೆ ಹೇಳಿದರು. ಪುಳಿಯೋಗರೆ ಮಾತ್ರ, ನಿಜ ಹೇಳಬೇಕೆಂದರೆ, ಅಮೃತ. ಸಿಟ್ಟಿನಲ್ಲೂ ಎರಡು ಸಲ ಹಾಕಿಸಿಕೊಂಡೆ. ಅಷ್ಟರಲ್ಲಿ ಅಮ್ಮನ ವಿಡಿಯೋ ಕಾಲ್ ಬಂತು. ಹಿಂದಿರುವುದು ಏನು ಅಂತ ಕೇಳಿದಳು. ಮೂರು ಅಕ್ಕತಂಗಿಯರು ಬಂಡೆಗಳಾಗಿ ನಿಂತಿದ್ದಾರೆ ಅಂತ ಕಥೆ ಇದೆ ಅಂದೆ.

"ನೋಡು," ಅಂದಳು ಅಮ್ಮ. "ಬಂಡೆಗಳೇ ಮೂರು ಜನ ಒಟ್ಟಿಗಿವೆ. ನಿಂಗೇನು ಬಂದಿರೋದು?"

ಊಟ ಆಯ್ತಾ?

ಆಮೇಲೆ ಒಂದಷ್ಟು ತಿಂಗಳು ಇದೇ ಹಾಡು. ಸಮುದ್ರಕ್ಕೆ ಹೋದರೆ ಉಡುಪಿ ಕಡೆಯ ಆಂಟಿ, ಮೃಗಾಲಯಕ್ಕೆ ಹೋದರೆ ಚಾಟ್ಸ್‌ವುಡ್‌ನಲ್ಲಿ ಕೆಲಸ ಮಾಡುವ ದಂಪತಿ. ಕಡೆಗೆ ಒಂದು ಭಾನುವಾರ ಅಮ್ಮನಿಗೆ ಫೋನ್ ಮಾಡುವ ಮೊದಲೇ ಮ್ಯಾನ್ಲಿಗೆ ಹೋಗುವ ಫೆರ್ರಿ ಹತ್ತಿದೆ. ನೀರಿನ ನಡುವೆ ಯಾವ ಅಂಕಲ್ ಬರುತ್ತಾರೆ?

ಪಕ್ಕದಲ್ಲಿ ಒಬ್ಬ ಆಸ್ಟ್ರೇಲಿಯನ್ ತಾತ ಕೂತಿದ್ದರು. ನನ್ನನ್ನು ನೋಡಿ ನಕ್ಕರು. ನಾನೂ ನಕ್ಕೆ. ಹಿರಿಯರು ನಕ್ಕ ಮೇಲೆ ಏನಾದರೂ ಮಾತಾಡಬೇಕಲ್ಲ. ನಮ್ಮ ಕಡೆ ಮಾತು ಶುರುವಾಗುವುದು ಒಂದೇ ಕಡೆಯಿಂದ. "ಹ್ಯಾಡ್ ಯುವರ್ ಲಂಚ್?" ಅಂತ ಕೇಳಿದೆ.

ಇದಕ್ಕೆ ಉತ್ತರ "ಆಯ್ತು, ನಿಮ್ದು?" ಅಂತ. ಊಟ ಆಗಿರದಿದ್ದರೂ ಹಾಗೇ ಹೇಳಬೇಕು. ತಾತನಿಗೆ ಇದು ಗೊತ್ತಿಲ್ಲ. ಅವರು ಕನ್ನಡಕ ಸರಿಮಾಡಿಕೊಂಡು, "ಇಲ್ಲ ಕಣಮ್ಮ, ಏನಿದೆ?" ಅನ್ನುವ ಅರ್ಥದಲ್ಲಿ ಕೇಳಿಯೇಬಿಟ್ಟರು.

ಚಪಾತಿ ರೋಲ್‌ನಲ್ಲಿ ಅರ್ಧ ಕೊಟ್ಟೆ. ಒಳಗೆ ಅಮ್ಮ ಕಳಿಸಿದ ನಿಂಬೆಕಾಯಿ ಉಪ್ಪಿನಕಾಯಿ ಸವರಿದ್ದು ಹೇಳುವುದರೊಳಗೆ ಅವರು ಅದನ್ನು ಒಂದೇ ಬಾಯಿಗೆ ಹಾಕಿಕೊಂಡಿದ್ದರು. ಮುಖ ಕೆಂಪಾಯಿತು, ಆಮೇಲೆ ಕಣ್ಣಲ್ಲಿ ನೀರು ಬಂತು. ನನ್ನ ನೀರಿನ ಬಾಟಲಿ ಪೂರ್ತಿ ಖಾಲಿ ಮಾಡಿ, "ಇದು ಔಷಧಿಯಾ?" ಅಂತ ಕೇಳಿದರು. ಆದರೂ ಇನ್ನರ್ಧವನ್ನೂ ತಿಂದರು.

ಉಂಡ ಋಣ ಅನ್ನುವುದು ಆ ದೇಶದಲ್ಲೂ ಇದೆ ಅಂತ ಅವತ್ತೇ ಗೊತ್ತಾಗಿದ್ದು. ಮ್ಯಾನ್ಲಿಯಲ್ಲಿ ಇಳಿದ ಮೇಲೆ ತಾತ ನನ್ನನ್ನು ಬಿಡಲೇ ಇಲ್ಲ. ಬೀಚು ತೋರಿಸಿದರು, ಐಸ್‌ಕ್ರೀಮ್ ಕೊಡಿಸಿದರು, ಅಲೆ ಹತ್ತಿರ ಹೋದರೆ "ಸಾಕು, ಈಚೆ ಬಾ" ಅಂತ ಕೈ ಬೀಸಿದರು, ವಾಪಸ್ ಫೆರ್ರಿ ಹತ್ತಿಸಲು ದಡದವರೆಗೂ ಬಂದರು. ಹೊರಡುವಾಗ ತಲೆ ಬಗ್ಗಿಸಿ ಮೆಲ್ಲಗೆ ಕೇಳಿದರು, "ನೀನು ಒಬ್ಬಳೇ ಬಂದಿರೋದು ನಿನ್ನ ಅಮ್ಮನಿಗೆ ಗೊತ್ತಾ?"

ನೋ ಅಂದರೆ ಹೌದು

ಕೋರ್ಸು ಮುಗಿಯುತ್ತಾ ಬಂತು. ಉಳಿದಿದ್ದು ಮೆಲ್ಬರ್ನ್ ಒಂದೇ. ಇದೂ ಹೋದರೆ ಮುಗಿಯಿತು, ಜೀವನಪೂರ್ತಿ ನಾನು ಯಾರದೋ ಲಗೇಜು. ಈ ಸಲ ಅಮ್ಮನಿಗೆ ಮೊದಲೇ ನೇರವಾಗಿ ಹೇಳಿದೆ. "ಅಮ್ಮ, ದಯವಿಟ್ಟು ಯಾರಿಗೂ ಫೋನ್ ಮಾಡ್ಬೇಡ. ಒಂದು ಸಲ ನಾನೊಬ್ಳೇ ಹೋಗಿ ಬರ್ತೀನಿ."

ಅಮ್ಮ ಮೆತ್ತಗೆ, "ಆಯ್ತು. ಹೋಗಿ ಬಾ," ಅಂದಳು. ಆ ದನಿ ಕೇಳಿ ನನಗೇ ಅಳು ಬಂತು.

ಬೆಳಗಿನ ರೈಲು, ಕಿಟಕಿ ಪಕ್ಕದ ಸೀಟು, ಪಕ್ಕದ ಸೀಟು ಖಾಲಿ. ರೈಲಿನಲ್ಲಿ ಕೆಲಸ ಮಾಡುವ ಹೆಂಗಸು ಬಂದು ಕೇಳಿದರು, "ಯೂ ಆರ್ ನಾಟ್ ಟ್ರಾವೆಲಿಂಗ್ ಅಲೋನ್, ಆರ್ ಯೂ?"

ಕನ್ನಡದಲ್ಲಿ "ನೀವು ಒಬ್ರೇ ಅಲ್ಲ ಅಲ್ವಾ?" ಅಂದರೆ ನಾವು ಏನು ಹೇಳುತ್ತೇವೆ? "ಇಲ್ಲ ಇಲ್ಲ, ಒಬ್ಳೇ" ಅನ್ನುತ್ತೇವೆ. ನಾನು ಹೆಮ್ಮೆಯಿಂದ ಎದೆಯುಬ್ಬಿಸಿ "ನೋ, ನೋ!" ಅಂದೆ. ಮುಂದಿನ ಮಾತು ಬಾಯಿಗೆ ಬರುವುದರೊಳಗೆ ಅವರು ತಲೆಯಾಡಿಸಿ ಮುಂದೆ ಹೋಗಿದ್ದರು.

ಸ್ವಲ್ಪ ಹೊತ್ತಿಗೆ ಮತ್ತೆ ಬಂದು ಖಾಲಿ ಸೀಟು ನೋಡಿದರು. "ಇನ್ನೂ ಬಂದಿಲ್ವಾ?" ಯಾರು ಅಂತ ನನಗೆ ಅರ್ಥವಾಗಲಿಲ್ಲ. ಟೀ ಗಾಡಿ ಇರಬೇಕು ಅಂದುಕೊಂಡು, "ನಾಟ್ ಯೆಟ್" ಅಂದೆ. ಅವರ ಮುಖದಲ್ಲಿ ಚಿಂತೆ ಮೂಡಿತು. ಮುಂದಿನ ಸ್ಟೇಷನ್ ದಾಟಿದ ಮೇಲೆ ಮೈಕಿನಲ್ಲಿ ಕೂಗಿದರು. ನನ್ನ ಸೀಟಿನ ನಂಬರ್ ಹೇಳಿ, ಆ ಯುವತಿಯ ಜೊತೆ ಪ್ರಯಾಣ ಮಾಡುತ್ತಿರುವವರು ದಯವಿಟ್ಟು ತಮ್ಮ ಸೀಟಿಗೆ ಬರಬೇಕು ಅಂತ. ನನ್ನ "ನೋ" ಇಂಗ್ಲಿಷಿನಲ್ಲಿ "ಹೌದು, ಜೊತೆಗೆ ಇದ್ದಾರೆ" ಅಂತ ಆಗಿತ್ತು!

ಇಡೀ ಬೋಗಿ ನನ್ನ ಕಡೆ ತಿರುಗಿತು. ನಾನು ಬಾಗಿಲ ಕಡೆ ತಿರುಗಿದೆ. ಅಮ್ಮನನ್ನು ನಂಬುವ ಹಾಗಿಲ್ಲ, ಯಾರಾದರೂ ಬಂದರೂ ಬರಬಹುದು!

ಕೊನೇ ಸ್ಟಾಪ್

ಯಾರೂ ಬರಲಿಲ್ಲ. ಮೆಲ್ಬರ್ನ್ ಸ್ಟೇಷನ್‌ನಲ್ಲೂ ಫ್ಲಾಸ್ಕ್ ಹಿಡಿದವರು ಇರಲಿಲ್ಲ. ಮಾರನೆಯ ಬೆಳಿಗ್ಗೆ ಹಾಸ್ಟೆಲ್‌ನಿಂದ ಹೊರಟು, ಯಾರನ್ನೂ ಕೇಳದೆ ಎಡಕ್ಕೆ ತಿರುಗಿದೆ. ಅದು ತಪ್ಪು ದಾರಿ. ಯಾರನ್ನೂ ಕೇಳದೆ ವಾಪಸ್ ಬಂದು ಬಲಕ್ಕೆ ತಿರುಗಿದೆ. ಅಷ್ಟಕ್ಕೇ ಎಷ್ಟು ಸಂತೋಷವಾಯಿತು ಅಂದರೆ ರಸ್ತೆಯಲ್ಲಿ ನಗುತ್ತಾ ನಡೆದೆ. ಗಲ್ಲಿಯೊಂದರಲ್ಲಿ ಕಾಫಿ ಕುಡಿದೆ, ನದಿ ದಂಡೆಯಲ್ಲಿ ಕೂತೆ, ಮಧ್ಯಾಹ್ನ ಊರಿನ ನಡುವೆ ಸುತ್ತು ಹೊಡೆಯುವ ಹಳೇ ಮಾದರಿಯ ಟ್ರಾಮ್ ಹತ್ತಿದೆ.

ಎದುರಿನ ಸೀಟಿನಲ್ಲಿ ಸೀರೆ ಉಟ್ಟು, ಸ್ವೆಟರ್, ಸ್ಪೋರ್ಟ್ಸ್ ಶೂ ಹಾಕಿದ ಒಬ್ಬರು ಆಂಟಿ. ಕಂಬವನ್ನು ಬಿಗಿಯಾಗಿ ಹಿಡಿದು ಕಿಟಕಿಯಾಚೆ ನೋಡುತ್ತಾ ತಮ್ಮಷ್ಟಕ್ಕೆ ಹೇಳಿಕೊಂಡರು, "ಅಯ್ಯೋ ಶಿವನೇ, ಈ ಬಿಲ್ಡಿಂಗು ಮತ್ತೆ ಬಂತಲ್ಲ!"

ಕನ್ನಡ! ಬಾಯಿ ಬಿಟ್ಟರೆ ನನ್ನ ದಿನ ಮುಗಿಯಿತು. ಮುಖ ತಿರುಗಿಸಿ, ಗಟ್ಟಿಯಾಗಿ ಕಿಟಕಿ ನೋಡುತ್ತಾ ಕೂತೆ. ಒಂದು ಸ್ಟಾಪ್ ಕಳೆಯಿತು.

"ಕೊನೇ ಸ್ಟಾಪೇ ಬರಲ್ವಲ್ಲಪ್ಪ ಇದಕ್ಕೆ," ಅಂದರು ಆಂಟಿ. ದನಿ ನಡುಗುತ್ತಿತ್ತು.

ಇನ್ನು ಸುಮ್ಮನಿರುವುದು ಹೇಗೆ? "ಆಂಟಿ, ಇದು ಸುತ್ತು ಹೊಡಿಯೋ ಟ್ರಾಮು. ಇದಕ್ಕೆ ಕೊನೇ ಸ್ಟಾಪಿಲ್ಲ," ಅಂದೆ.

ಅವರು ನನ್ನ ಎರಡೂ ಕೈ ಹಿಡಿದುಕೊಂಡರು. ಮಗಳ ಮನೆಗೆ ಬಂದವರಂತೆ. ಮನೆ ಮುಂದೆ ಬರುವ ಟ್ರಾಮ್ ಹತ್ತು, ಕೊನೇ ಸ್ಟಾಪಲ್ಲಿ ಇಳಿ, ಊಟದ ಹೊತ್ತಿಗೆ ಅಲ್ಲಿರ್ತೀನಿ ಅಂತ ಮಗಳು ಆಫೀಸಿಗೆ ಹೋಗುವಾಗ ಹೇಳಿದ್ದಳು. ಇವರು ನೋಡಲು ಚೆನ್ನಾಗಿದೆ ಅಂತ ಇದನ್ನು ಹತ್ತಿದ್ದರು. ಫೋನು ಮನೆಯಲ್ಲಿ ಚಾರ್ಜಿಗಿತ್ತು. ಪುಣ್ಯಕ್ಕೆ ಮಗಳ ನಂಬರು ಬಾಯಿಪಾಠ. ನನ್ನ ಫೋನಿನಿಂದ ಮಾಡಿದರೆ ಮಗಳು ಅಳುತ್ತಿದ್ದಳು. ಹತ್ತಿರದ ದೊಡ್ಡ ಲೈಬ್ರರಿಯ ಮೆಟ್ಟಿಲ ಬಳಿ ಬರುವಂತೆ ಹೇಳಿ, ಆಂಟಿಯನ್ನು ಇಳಿಸಿಕೊಂಡು, ಕೈ ಹಿಡಿದು ರಸ್ತೆ ದಾಟಿಸಿ ನಡೆಸಿಕೊಂಡು ಹೊರಟೆ.

"ಜೊತೆಗೆ ಯಾರಮ್ಮ ಬಂದಿದಾರೆ ನಿಂಗೆ?" ಅಂತ ದಾರಿಯಲ್ಲಿ ಕೇಳಿದರು.

"ಯಾರೂ ಇಲ್ಲ ಆಂಟಿ. ಸಿಡ್ನಿಯಿಂದ ಒಬ್ಳೇ ಬಂದೆ."

ಆಂಟಿ ನಡುರಸ್ತೆಯಲ್ಲಿ ನಿಂತೇಬಿಟ್ಟರು. "ಒಬ್ಳೇನಾ? ಭೇಷ್ ಕಣೇ ಹುಡುಗಿ!"

ಆ ಒಂದು ಮಾತಿಗೆ ಒಂದು ವರ್ಷ ಕಾದಿದ್ದೆ. ಕಣ್ಣು ತುಂಬಿ ಬಂತು.

ಮೆಟ್ಟಿಲ ಬಳಿ ಮಗಳು ಓಡಿ ಬಂದಳು. "ಎಲ್ಲಿಗೆ ಹೋಗಿದ್ಯಮ್ಮ? ಕಳ್ದು ಹೋದ್ಯಾ ಅಂತ ಜೀವ ಬಾಯಿಗೆ ಬಂದಿತ್ತು!"

ಆಂಟಿ ಸೆರಗು ಸರಿಮಾಡಿಕೊಂಡರು. "ನಾನ್ಯಾಕೆ ಕಳ್ದು ಹೋಗ್ಲಿ? ಪಾಪ, ಈ ಮಗು ಗುರುತಿಲ್ಲದ ಊರಲ್ಲಿ ಒಬ್ಳೇ ತಿರುಗ್ತಾ ಇತ್ತು. ಬಿಟ್ಟು ಬರೋಕೆ ಮನಸ್ಸಾಗ್ಲಿಲ್ಲ, ಜೊತೆಗಿದ್ದೆ."

ನಾನು ಬಾಯಿ ತೆರೆದೆ. ಮಗಳ ಮುಂದೆ ಆಂಟಿಯ ಮುಖ ನೋಡಿ ಮತ್ತೆ ಮುಚ್ಚಿಕೊಂಡೆ. ಆಂಟಿ ಅಷ್ಟಕ್ಕೇ ಬಿಡಲಿಲ್ಲ. ನನ್ನ ಅಮ್ಮನ ನಂಬರ್ ಕೇಳಿ, ನನ್ನ ಫೋನಿನಿಂದಲೇ ಮಾಡಿಸಿ, ಸ್ಪೀಕರಿನಲ್ಲಿ ಶುರು ಮಾಡಿದರು. "ನೀವೇನೂ ಯೋಚ್ನೆ ಮಾಡ್ಬೇಡಿ. ನಿಮ್ಮ ಮಗಳ ಜೊತೆ ನಾನಿದೀನಿ. ಟ್ರಾಮಲ್ಲಿ ಊರೆಲ್ಲ ಸುತ್ತಿದ್ವಿ."

ಹಾಸನದಲ್ಲಿ ಅಮ್ಮ ಬಿಟ್ಟ ನಿಟ್ಟುಸಿರು ಮೆಲ್ಬರ್ನ್‌ನ ಮೆಟ್ಟಿಲವರೆಗೂ ಕೇಳಿಸಿತು. "ದೇವರು ಕಳಿಸ್ದಂಗೆ ಬಂದ್ರಿ ನೀವು. ಅವಳಿಗೆ ಸ್ವಲ್ಪ ಕೊಡಿ." ನಾನು ಫೋನ್ ತಗೊಂಡೆ.

"ನೋಡಿದ್ಯಾ?" ಅಂದಳು ಅಮ್ಮ. "ದಾರಿ ಗೊತ್ತಿರೋರು ಒಬ್ರು ಜೊತೆಗಿದ್ರೆ ಎಷ್ಟು ಧೈರ್ಯ!"